ಹಳೆಯ ಕಡಪಾ ಕಟ್ಟೆಗೆ ಎಪಾಕ್ಸಿ ಸುರಿದು ಬಿಳಿ ಮಾರ್ಬಲ್‌ನಂತೆ ಮಾಡಬಹುದೇ?

8 ಅಡಿ ಉದ್ದ, 2 ಅಡಿ ಅಗಲದ ಕಡಪಾ ಕಟ್ಟೆ ಕಳೆಗುಂದಿದೆ, ಒಡೆಸದೆ ಎಪಾಕ್ಸಿಯಿಂದ ಮಾರ್ಬಲ್‌ನ ರೂಪ ಕೊಡಬಹುದೇ, ಎಷ್ಟು ರೆಸಿನ್ ಬೇಕು, ಎಷ್ಟು ದಿನ ಅಡುಗೆಮನೆ ಬಿಡಬೇಕು ಎಂದು ಕೇಳಿದ್ದೀರಿ.

ಮಾಡಬಹುದು. ಎಪಾಕ್ಸಿ ಎಂದರೆ ರೆಸಿನ್, ಹಾರ್ಡ್‌ನರ್ ಎಂಬ ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಪ್ಲಾಸ್ಟಿಕ್. ಆದರೆ ಒಲೆ ಇರುವ ಜಾಗ ಬಿಟ್ಟು ಮಾಡಿ ಎನ್ನುವುದು ನನ್ನ ಮೊದಲ ಮಾತು. ಸಾಮಾನ್ಯ ಎಪಾಕ್ಸಿ ಗಟ್ಟಿಯಾದ ಮೇಲೂ 50–60 ಡಿಗ್ರಿ ದಾಟಿದರೆ ಮೆತ್ತಗಾಗುತ್ತದೆ. ಆಗಷ್ಟೇ ಇಳಿಸಿದ ಕುಕ್ಕರ್ ತಳ 100 ಡಿಗ್ರಿಗಿಂತ ಬಿಸಿ ಇರುತ್ತದೆ. ಇಟ್ಟ ಕಡೆ ಉಂಗುರದ ಗುರುತು ಬಿದ್ದೇ ಬೀಳುತ್ತದೆ. ಒಲೆಯ ಕೆಳಗೆ ಸುಮಾರು ಎರಡೂವರೆ ಅಡಿ ಕಲ್ಲನ್ನು ಹಾಗೇ ಬಿಡಿ, ಇಲ್ಲವೇ ಅಲ್ಲಿಗೊಂದು ಗ್ರಾನೈಟ್ ತುಂಡು ಕೂರಿಸಿ. ಉಳಿದ ಕಡೆಯೂ ಬಿಸಿ ಪಾತ್ರೆಗೆ ಹಲಗೆಯೋ ಸಿಂಬೆಯೋ ಬೇಕು. ಮನೆಯಲ್ಲಿ ಎಲ್ಲರಿಗೂ ಈ ಅಭ್ಯಾಸ ಆಗುವುದಿಲ್ಲ ಅನ್ನಿಸಿದರೆ ಈ ಕೆಲಸಕ್ಕೆ ಕೈ ಹಾಕಬೇಡಿ, ಕಲ್ಲು ಬದಲಿಸುವುದೇ ಮೇಲು.

ಇನ್ನು ಕೆಲಸ. ಕಡಪಾ ಸುಣ್ಣಕಲ್ಲಿನ ಜಾತಿ, ವರ್ಷಗಟ್ಟಲೆ ಒಗ್ಗರಣೆಯ ಎಣ್ಣೆ ಕುಡಿದಿರುತ್ತದೆ. ಆ ಎಣ್ಣೆ ಹೋಗದಿದ್ದರೆ ಮೇಲೆ ಎಷ್ಟು ಚಂದ ಸುರಿದರೂ ಒಂದು ದಿನ ಹಪ್ಪಳದಂತೆ ಎದ್ದು ಬರುತ್ತದೆ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಗಟ್ಟಿ ಬ್ರಷ್‌ನಲ್ಲಿ ಎರಡು ಮೂರು ಸಲ ಉಜ್ಜಿ, ಚೆನ್ನಾಗಿ ತೊಳೆಯಿರಿ. ಆಸಿಡ್ ಬೇಡ, ಈ ಕಲ್ಲನ್ನು ಅದು ತಿನ್ನುತ್ತದೆ, ಲವಣ ಒಳಗೇ ಉಳಿಯುತ್ತದೆ. ಫ್ಯಾನ್ ಹಾಕಿ ಎರಡು ಮೂರು ದಿನ ಒಣಗಲು ಬಿಡಿ. ಆಮೇಲೆ ಗ್ರೈಂಡರ್‌ಗೆ 60 ಅಥವಾ 80 ನಂಬರಿನ ಡಿಸ್ಕ್ ಹಾಕಿ, ಹೊಳಪು ಪೂರ್ತಿ ಹೋಗಿ ಮೇಲ್ಮೈ ಬೂದಿ ಬಣ್ಣಕ್ಕೆ ತಿರುಗುವವರೆಗೆ ಉಜ್ಜಿ. ಧೂಳಿಗೆ ಎನ್95 ಮಾಸ್ಕ್ ಬೇಕೇ ಬೇಕು. ಧೂಳು ತೆಗೆದು ಅಸಿಟೋನ್‌ನಲ್ಲಿ ಒರೆಸಿ. ಪರೀಕ್ಷೆ ಸುಲಭ: ನಾಲ್ಕು ಹನಿ ನೀರು ಚಿಮುಕಿಸಿ. ಹರಡಿಕೊಂಡರೆ ಸರಿ. ಕೆಸುವಿನ ಎಲೆಯ ಮೇಲಿನ ಹನಿಯಂತೆ ಗುಂಡಗೆ ನಿಂತರೆ ಎಣ್ಣೆ ಇನ್ನೂ ಇದೆ, ಸೋಡಾಕ್ಕೆ ವಾಪಸ್ ಹೋಗಿ. ಬಿರುಕು, ಗುಳಿಗಳಿಗೆ ಎಂ-ಸೀಲ್ ತುಂಬಿ, ಗಟ್ಟಿಯಾದ ಮೇಲೆ ಸಮ ಮಾಡಿ. ನಂತರ ಎರಡು ಭಾಗ ಬೆರೆಸುವ ಬಿಳಿ ಎಪಾಕ್ಸಿ ಪ್ರೈಮರ್ ಎರಡು ಕೋಟ್. ಕಪ್ಪು ಕಲ್ಲು ಎಲ್ಲಿಯೂ ಇಣುಕಬಾರದು.

ಪ್ರೈಮರ್‌ಗೆ ಮೊದಲೇ ರಸಮಟ್ಟ ಇಟ್ಟು ನೋಡಿ. ನಮ್ಮ ಮನೆಗಳಲ್ಲಿ ಗಾರೆಯವರು ನೀರು ಹರಿಯಲೆಂದು ಕಟ್ಟೆಯನ್ನು ಸಿಂಕ್ ಕಡೆಗೆ ಇಳಿಜಾರು ಕೊಟ್ಟಿರುತ್ತಾರೆ. ರೆಸಿನ್ ಕೂಡ ನೀರಿನಂತೆ ಅತ್ತಲೇ ಹೋಗುತ್ತದೆ. 8 ಅಡಿಗೆ 5 ಮಿಲಿಮೀಟರ್ ಇಳಿಜಾರಿದ್ದರೂ ಒಂದು ತುದಿ ಬರಿದಾಗಿ ಇನ್ನೊಂದು ತುದಿಯಲ್ಲಿ ಮಡುಗಟ್ಟುತ್ತದೆ. ತಗ್ಗಿನ ಕಡೆ ಎಪಾಕ್ಸಿ ಪುಟ್ಟಿಯಿಂದ ಮಟ್ಟ ಮಾಡಿಕೊಳ್ಳಿ. ಆದರೆ ಮಟ್ಟ ಮಾಡಿದ ಮೇಲೆ ಚೆಲ್ಲಿದ ನೀರು ಸಿಂಕಿಗೆ ತಾನಾಗಿ ಹೋಗುವುದಿಲ್ಲ, ಒರೆಸಬೇಕು. ಇದನ್ನು ಯೋಚಿಸಿ ನಿರ್ಧರಿಸಿ. ಸಿಂಕ್ ತೂತಿನ ಸುತ್ತ, ಹಿಂದಿನ ಟೈಲ್ಸ್ ಉದ್ದಕ್ಕೂ, ಬಿಟ್ಟ ಜಾಗದ ಗಡಿಗೂ ಟೇಪಿನ ಅಡ್ಡಗಟ್ಟೆ ಕಟ್ಟಿ. ಕಟ್ಟೆಯ ಅಂಚಿನ ಅಡಿಭಾಗಕ್ಕೂ ಟೇಪ್ ಹಚ್ಚಿ. ಕೆಳಗೆ ಜಿನುಗಿ ನಿಂತ ಹನಿಗಳು ಮರುದಿನ ಟೇಪಿನ ಜೊತೆ ಕಿತ್ತು ಬರುತ್ತವೆ.

ಲೆಕ್ಕ ಹೀಗೆ. ರೆಸಿನ್ ತಾನಾಗಿ ಸುಮಾರು 3 ಮಿಲಿಮೀಟರ್ ದಪ್ಪಕ್ಕೆ ನಿಲ್ಲುತ್ತದೆ. 16 ಚದರಡಿಗೆ ಆ ದಪ್ಪಕ್ಕೆ ಸುಮಾರು ನಾಲ್ಕೂವರೆ ಲೀಟರ್. ಅಂಚಿಗೆ, ಚೆಲ್ಲುವುದಕ್ಕೆ ಸೇರಿಸಿ 5 ಲೀಟರ್ ಹಿಡಿಯಿರಿ. ಈ ಬಿಳಿ ಪದರ ಗಟ್ಟಿಯಾದ ಮೇಲೆ ಸುರಿಯುವ ಪಾರದರ್ಶಕ ಪದರ ಒಂದೂವರೆ ಮಿಲಿಮೀಟರ್ ಸಾಕು, ಅದಕ್ಕೆ ಎರಡೂವರೆ ಲೀಟರ್. ಒಲೆಯ ಜಾಗ ಬಿಟ್ಟರೆ ಎರಡೂ ಮುಕ್ಕಾಲು ಪಾಲಿಗಿಂತ ಕಡಿಮೆಗೆ ಇಳಿಯುತ್ತವೆ. ಕೊಳ್ಳುವಾಗ ಕಟ್ಟೆಗೆಂದೇ ಮಾಡಿದ ಎಪಾಕ್ಸಿ ಕೇಳಿ. ನದಿ ಟೇಬಲ್‌ಗೆ (ಮರದ ಹಲಗೆಗಳ ನಡುವೆ ನದಿಯಂತೆ ರೆಸಿನ್ ತುಂಬಿದ ಮೇಜು) ಸುರಿಯುವ ತೆಳು ರೆಸಿನ್ ಅಂಚಿನಿಂದ ಪೂರ್ತಿ ಹರಿದುಹೋಗುತ್ತದೆ.

ಅಳತೆಯಲ್ಲಿ ಅಂದಾಜು ನಡೆಯುವುದಿಲ್ಲ. ಡಬ್ಬಿಯ ಮೇಲೆ 1:1 ಎಂದಿದ್ದರೆ ಅದು ಗಾತ್ರದಲ್ಲೋ ತೂಕದಲ್ಲೋ ಓದಿ. ರೆಸಿನ್ ಹಾರ್ಡ್‌ನರ್‌ಗಿಂತ ಭಾರ. ಲೀಟರ್ ಲೆಕ್ಕವನ್ನು ತಕ್ಕಡಿಯಲ್ಲಿ ಹಾಕಿದರೆ ಹಾರ್ಡ್‌ನರ್ ಹೆಚ್ಚಾಗಿ ಮೇಲ್ಮೈ ಅಂಟಂಟಾಗಿ ಉಳಿಯುತ್ತದೆ. ನಿಧಾನವಾಗಿ 3–4 ನಿಮಿಷ ಕಲಸಿ, ಗೋಡೆ, ತಳ ಕೆರೆಯುತ್ತಾ. ಬಳಿಕ ಇನ್ನೊಂದು ಸ್ವಚ್ಛ ಬಕೆಟ್‌ಗೆ ಸುರಿದು ಮತ್ತೆರಡು ನಿಮಿಷ. ಈ ಎರಡನೇ ಬಕೆಟ್ ಬಿಟ್ಟವರ ಕಟ್ಟೆಯಲ್ಲೇ ಅಲ್ಲಲ್ಲಿ ಒಣಗದ ಮಚ್ಚೆಗಳು ಕಾಣುವುದು: ಬಕೆಟ್‌ನ ಗೋಡೆಗೆ ಅಂಟಿದ್ದ ಕಲಸದ ರೆಸಿನ್ ಅದು. ಎರಡು ಲೀಟರ್‌ಗಿಂತ ಹೆಚ್ಚು ಒಟ್ಟಿಗೆ ಕಲಸಬೇಡಿ, ಕಲಸಿದ್ದನ್ನು ಬಕೆಟ್‌ನಲ್ಲಿ ಕೂರಲು ಬಿಡಬೇಡಿ. ತನ್ನ ಕಾವಿನಲ್ಲೇ ಬೆಂದು ಹೊಗೆಯಾಡುತ್ತದೆ. ಹರಡಿದರೆ ಕಾವು ಆರುತ್ತದೆ.

ಬಿಳಿಗೆ ಎಪಾಕ್ಸಿಯ ಪಿಗ್ಮೆಂಟ್ ಪೇಸ್ಟ್ ಬಳಸಿ, ತೂಕದ ಶೇಕಡಾ 5 ದಾಟಬೇಡಿ. ಗೋಡೆಯ ನೀರಿನ ಪೇಂಟ್, ಸ್ಟೇನರ್ ಬೆರೆಸಿದರೆ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಗೆರೆಗೆ ಸುಮಾರು 250 ಮಿಲಿ ತಿಳಿ ಬೂದಿ ಬಣ್ಣದ, 60 ಮಿಲಿ ಗಾಢ ಬೂದಿ ಬಣ್ಣದ ರೆಸಿನ್ ಸಾಕು. ಬೂದಿಗೆ ಸಾಸಿವೆ ಕಾಳಿನಷ್ಟು ಕಂದು ಸೇರಿಸಿ. ಬರೀ ಕಪ್ಪು-ಬಿಳಿಯ ಬೂದಿ ಸಿಮೆಂಟಿನಂತೆ ಕಾಣುತ್ತದೆ.

ಈಗ ಗೆರೆ. ಕಲ್ಲೋ ಪ್ಲಾಸ್ಟಿಕ್ಕೋ ಎಂದು ಕಣ್ಣು ತೀರ್ಮಾನಿಸುವುದು ಇಲ್ಲೇ. ನಿಜವಾದ ಮಾರ್ಬಲ್‌ನ ಗೆರೆಗಳಲ್ಲಿ ಬಹಳಷ್ಟು ಒಂದು ಕಾಲದ ಬಿರುಕುಗಳು, ಬೇರೆ ಖನಿಜ ತುಂಬಿಕೊಂಡವು. ಹಾಗಾಗಿ ಬಿರುಕಿನಂತೆಯೇ ನಡೆಯುತ್ತವೆ: ಹೆಚ್ಚಿನವು ಒಂದೇ ದಿಕ್ಕಿಗೆ, ಓರೆಯಾಗಿ; ಚೂಪು ಕೋನದಲ್ಲಿ ಕವಲೊಡೆದು, ದಪ್ಪವಾಗಿ, ಸಣ್ಣದಾಗಿ, ನಡುವೆಯೇ ಮಾಯವಾಗುತ್ತವೆ. ಮಾರ್ಬಲ್ ಅಂಗಡಿಗೆ ಹೋಗಿ ಒಂದು ಹಲಗೆಯ ಫೋಟೋ ತಂದು ಎದುರಿಗಿಟ್ಟುಕೊಳ್ಳಿ. ಇಟಲಿಯ ಕರಾರಾದಲ್ಲಿ ಗೆರೆ ಮೆದು, ಹೊಗೆಯಂತೆ. ಕಲಕಟ್ಟಾದಲ್ಲಿ ಅಗಲ, ದಿಟ್ಟ. ಮೊದಲ ಸಲಕ್ಕೆ ಕರಾರಾ ಸುಲಭ, ತಪ್ಪು ಅದರಲ್ಲಿ ಅಡಗುತ್ತದೆ.

ಬಿಳಿ ಸುರಿದು ಹಲ್ಲಿನ ಕರಣೆಯಲ್ಲಿ ಹರಡಿ 10–15 ನಿಮಿಷ ಕಾಯಿರಿ. ತಕ್ಷಣ ಎಳೆದ ಗೆರೆ ಕರಗಿ ಕಲೆಯಾಗುತ್ತದೆ. ಕಡ್ಡಿಯ ತುದಿಯಿಂದ ತಿಳಿ ಬೂದಿಯನ್ನು ರಂಗೋಲಿಯ ಎಳೆಯಂತೆ ಬಿಡಿ, ಆದರೆ ರಂಗೋಲಿಗೆ ತದ್ವಿರುದ್ಧವಾಗಿ ಕೈ ಸ್ವಲ್ಪ ನಡುಗಲಿ, ಎಳೆ ತುಂಡಾಗಲಿ. ಒಣ ಬ್ರಷ್‌ನ ತುದಿಯಿಂದ ಒಂದೇ ಪಕ್ಕಕ್ಕೆ ಹಗುರಾಗಿ ಸವರಿ. ಒಂದು ಅಂಚು ಮಸುಕಾಗಿ, ಇನ್ನೊಂದು ಚೂಪಾಗಿ ಉಳಿಯುತ್ತದೆ. ಆ ಚೂಪು ಅಂಚಿನ ಮೇಲೆ ಅಲ್ಲಲ್ಲಿ ಮಾತ್ರ ಗಾಢ ಬೂದಿಯ ಕೂದಲೆಳೆ. 8 ಅಡಿಗೆ ಎರಡು ಮೂರು ದೊಡ್ಡ ಗೆರೆ, ಐದಾರು ಸಣ್ಣವು, ಅಷ್ಟೇ. ಗೆರೆ ಮುಂಭಾಗದ ಅಂಚಿಗೂ ಇಳಿದು ಬರಲಿ; ಮೇಲೆ ನಿಂತುಬಿಟ್ಟರೆ ಹಲಗೆಯ ಮೇಲೆ ಕಾಗದ ಅಂಟಿಸಿದಂತಿರುತ್ತದೆ.

ಗುಳ್ಳೆ ಒಡೆಯಲು ಹೀಟ್ ಗನ್ (ಬಿಸಿಗಾಳಿ ಊದುವ ಯಂತ್ರ) ಅಥವಾ ಬೆಂಕಿಯ ಗ್ಯಾಸ್ ಟಾರ್ಚ್ ಅರ್ಧ ಅಡಿ ಎತ್ತರದಲ್ಲಿ, ಎಲ್ಲಿಯೂ ನಿಲ್ಲಿಸದೆ ಆಡಿಸಿ, ಮೊದಲ 20 ನಿಮಿಷದಲ್ಲಿ ಎರಡು ಮೂರು ಸಲ. ಗೆರೆ ಹರಡಲು ಐಸೊಪ್ರೊಪೈಲ್ ಆಲ್ಕೋಹಾಲ್ ಸಿಂಪಡಿಸುವುದುಂಟು; ಸಿಂಪಡಿಸಿದ ಮೇಲೆ ಬೆಂಕಿಯನ್ನೂ ಹೀಟ್ ಗನ್ನನ್ನೂ ಹತ್ತಿರ ತರಬೇಡಿ, ಧಗ್ಗನೆ ಹತ್ತಿಕೊಳ್ಳುತ್ತದೆ. ಕೆಲಸ ಶುರು ಮಾಡುವ ಮುನ್ನವೇ ಗ್ಯಾಸ್ ಸಿಲಿಂಡರ್ ಹೊರಗಿಡಿ. ಕಿಟಕಿಗೆ ಸೊಳ್ಳೆಪರದೆ, ಫ್ಯಾನ್ ಬಂದ್, ಸಂಜೆ ದೀಪದ ಕೆಳಗೆ ಸುರಿಯಬೇಡಿ. ಹುಳುಗಳು ಬಿದ್ದು ಅಲ್ಲೇ ಉಳಿಯುತ್ತವೆ. ನೈಟ್ರೈಲ್ ಗ್ಲೋವ್ಸ್, ಆವಿ ತಡೆಯುವ ಮಾಸ್ಕ್ ಹಾಕಿ. ಚರ್ಮಕ್ಕೆ ತಾಗಿದರೆ ಸೋಪು, ನೀರು. ಅಸಿಟೋನ್‌ನಲ್ಲಿ ಕೈ ತೊಳೆದರೆ ರೆಸಿನ್ ಚರ್ಮದೊಳಕ್ಕೆ ಇಳಿಯುತ್ತದೆ, ಅಲರ್ಜಿ ಒಮ್ಮೆ ಅಂಟಿಕೊಂಡರೆ ಬಿಡುವುದಿಲ್ಲ.

ಹವೆಯೂ ಮುಖ್ಯ. 24–30 ಡಿಗ್ರಿ, ಒಣ ದಿನ ಆರಿಸಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಮಾಡಲೇಬೇಡಿ: ಹಾರ್ಡ್‌ನರ್ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮೇಣದಂಥ ಜಿಡ್ಡು ಪೊರೆ ಕಟ್ಟುತ್ತದೆ. ಕಟ್ಟಿದ್ದರೆ ಮೊದಲು ಬೆಚ್ಚಗಿನ ನೀರಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಉಜ್ಜಿ. ತೊಳೆಯದೆ ಉಜ್ಜಿದರೆ ಪೊರೆ ಒಳಗೇ ಮೆತ್ತಿಕೊಂಡು ಮುಂದಿನ ಪದರ ಹಿಡಿಯುವುದಿಲ್ಲ.

ಮರುದಿನ ಬಿಳಿ ಪದರವನ್ನು 220 ನಂಬರ್ ಉಜ್ಜುಕಾಗದದಲ್ಲಿ ಉಜ್ಜಿ, ಒರೆಸಿ, ಮೇಲೆ ಪಾರದರ್ಶಕ ಪದರ ಸುರಿಯಿರಿ. ಅಲ್ಲಲ್ಲಿ ಮೀನಿನ ಕಣ್ಣಿನಂಥ ಕುಳಿ ಬಿದ್ದರೆ ಎಣ್ಣೆ ಅಥವಾ ಸಿಲಿಕೋನ್ ಉಳಿದಿದೆ ಎಂದರ್ಥ. ಗಟ್ಟಿಯಾದ ಮೇಲೆ ಉಜ್ಜಿ, ತುಂಬಿ. 24 ಗಂಟೆಗೆ ಮುಟ್ಟಬಹುದು, 3 ದಿನಕ್ಕೆ ಹಗುರ ಪಾತ್ರೆ, 7 ದಿನಕ್ಕೆ ಮಾಮೂಲು ಬಳಕೆ. ತೊಳೆದು ಒಣಗಿಸುವ ದಿನಗಳೂ ಸೇರಿ ಅಡುಗೆಮನೆಯನ್ನು ಎರಡು ವಾರ ಬಿಟ್ಟುಕೊಡಬೇಕು.

ನೇರ ಬಿಸಿಲು ಬೀಳುವ ಕಿಟಕಿ ಇದ್ದರೆ ಬಿಳಿ ಕ್ರಮೇಣ ಹಳದಿಗೆ ತಿರುಗುತ್ತದೆ. ಮೇಲೆ ಎರಡು ಭಾಗದ ಪಾಲಿಯುರೆಥೇನ್ ಕೋಟ್ ಕೊಟ್ಟರೆ ಅದೂ ತಡವಾಗುತ್ತದೆ, ಗೀರೂ ಕಡಿಮೆ. ತರಕಾರಿ ಮಣೆಯ ಮೇಲೆಯೇ ಹೆಚ್ಚಿ. ಅರಿಶಿನ ಬಿದ್ದ ಕೂಡಲೇ ಸೋಪಿನಲ್ಲಿ ಒರೆಸಿ. ಗೀರಿನೊಳಗೆ ಉಳಿದ ಹಳದಿ ಬೆಳಕು ತಾಗುತ್ತಾ ಕೆಲವು ದಿನಗಳಲ್ಲಿ ತಾನೇ ಮಾಸುತ್ತದೆ, ಅದಕ್ಕೆಂದು ಸ್ಟೀಲ್ ಸ್ಕ್ರಬ್ಬರ್ ಹಚ್ಚಬೇಡಿ.