ಓದುಗರ ಪ್ರಶ್ನೆ, ನಮ್ಮ ಉತ್ತರ: ‘ಟೇಕ್’ಗೆ ಕನ್ನಡದಲ್ಲಿ ಎಷ್ಟು ಪದ?

ಈ ಸಲ ಬಂದ ಇಂಗ್ಲಿಷ್ ಪ್ರಶ್ನೆಗಳಲ್ಲಿ ಬಹುಪಾಲು ‘ಟೇಕ್’ ಎಂಬ ಒಂದೇ ಕ್ರಿಯಾಪದದ ಸುತ್ತ ಸುತ್ತುತ್ತಿದ್ದವು. ಹಾಗಾಗಿ ಅವನ್ನೆಲ್ಲ ಒಟ್ಟಿಗೇ ಎತ್ತಿಕೊಂಡಿದ್ದೇವೆ.

‘ಹೊಸ ಬೈಕ್ ತಗೊಂಡೆ’ ಎನ್ನುವುದಕ್ಕೆ ‘ಐ ಟುಕ್ ಎ ನ್ಯೂ ಬೈಕ್’ ಎಂದು ಬರೆದಿದ್ದೆ. ಅಂಕ ಕಳೆದಿದ್ದಾರೆ. ವ್ಯಾಕರಣ ಸರಿಯಾಗಿಯೇ ಇದೆಯಲ್ಲ?
– ಪಿಯುಸಿ ವಿದ್ಯಾರ್ಥಿನಿ, ಚಿತ್ರದುರ್ಗ

ವ್ಯಾಕರಣ ಸರಿ ಇದೆ, ಅರ್ಥ ಹೊರಳಿದೆ. ನಾವು ಆಡುವ ‘ತಗೊ’ ಎಂಬುದು ‘ತೆಗೆದು’ ಮತ್ತು ‘ಕೊಳ್ಳು’ ಸೇರಿ ಆದದ್ದು. ಈ ‘ಕೊಳ್ಳು’ ಒಂಟಿಯಾಗಿ ಬಂದರೆ ದುಡ್ಡು ಕೊಟ್ಟು ಪಡೆಯುವುದು. ಇನ್ನೊಂದು ಕ್ರಿಯಾಪದಕ್ಕೆ ಅಂಟಿ ಬಂದರೆ, ಮಾಡಿದ ಕೆಲಸ ಮಾಡಿದವರಿಗೇ ಸೇರಿತು ಎಂದು ಹೇಳುತ್ತದೆ: ಬರೆದುಕೊ, ಕಟ್ಟಿಕೊ, ಇಟ್ಟುಕೊ. ‘ಬೈಕ್ ತಗೊಂಡೆ’ ಎಂದಾಗ ಕೊಂಡದ್ದೂ ತನ್ನದಾಗಿಸಿಕೊಂಡದ್ದೂ ಅದರೊಳಗೇ ಇರುತ್ತದೆ, ಯಾರೂ ಬಿಡಿಸಿ ಕೇಳುವುದಿಲ್ಲ. ಇಂಗ್ಲಿಷಿನ ‘ಟುಕ್’ನಲ್ಲಿ ಆ ದುಡ್ಡಿನ ಮಾತು ತಾನಾಗಿ ಬರುವುದಿಲ್ಲ. ಓದಿದವರಿಗೆ, ಎಲ್ಲೋ ನಿಂತಿದ್ದ ಹೊಸ ಬೈಕನ್ನು ಏರಿಕೊಂಡು ಹೋದಿರಿ ಎಂದೇ ಅನಿಸುತ್ತದೆ. ‘ಬಾಟ್’ ಅಥವಾ ‘ಗಾಟ್’ ಎಂದು ಬರೆಯಿರಿ.

ಒಂದು ಕಡೆ ಮಾತ್ರ ‘ಟೇಕ್’ ಕೊಳ್ಳುವ ಅರ್ಥಕ್ಕೆ ಹತ್ತಿರ ಬರುತ್ತದೆ. ಅಂಗಡಿಯಲ್ಲಿ ನಾಲ್ಕು ಸೀರೆ ನೋಡಿ ‘ಐ ವಿಲ್ ಟೇಕ್ ದಿಸ್ ಒನ್’ ಎಂದರೆ ಸರಿ, ಏಕೆಂದರೆ ಅಲ್ಲಿ ಅದು ಆರಿಸುವ ಮಾತು. ಇದೇ ಸಾಲಿನ ಇನ್ನೊಂದು ತಪ್ಪು ‘ಹಿ ಟುಕ್ 90 ಮಾರ್ಕ್ಸ್’. ಕನ್ನಡದಲ್ಲಿ ಅಂಕ ತೆಗೆಯುತ್ತೇವೆ, ಇಂಗ್ಲಿಷಿನಲ್ಲಿ ‘ಗಾಟ್’ ಇಲ್ಲವೇ ‘ಸ್ಕೋರ್ಡ್’.

ಪರೀಕ್ಷೆಗೆ ‘ರೈಟ್’, ‘ಗಿವ್’, ‘ಟೇಕ್’ ಮೂರನ್ನೂ ಕೇಳಿದ್ದೇನೆ. ಯಾವುದು ಸರಿ?
– ವಿದೇಶದಲ್ಲಿ ಓದಲು ಅರ್ಜಿ ಹಾಕುತ್ತಿರುವವರು, ಹುಬ್ಬಳ್ಳಿ

ನಾವು ಪರೀಕ್ಷೆ ‘ಬರೆಯುತ್ತೇವೆ’, ಅದರಿಂದ ‘ರೈಟ್’. ಹಿಂದಿಯವರು ಪರೀಕ್ಷೆ ‘ಕೊಡುತ್ತಾರೆ’, ಅದರಿಂದ ‘ಗಿವ್’. ಅರ್ಜಿಯಲ್ಲಿ ‘ಟೇಕ್’ ಬಳಸಿ. ಬ್ರಿಟನ್ನಿನಲ್ಲಿ ‘ಸಿಟ್’ ಕೂಡ ನಡೆಯುತ್ತದೆ. ‘ಗಿವ್’ ಖಂಡಿತ ಬೇಡ: ಅಲ್ಲಿ ಪರೀಕ್ಷೆ ಕೊಡುವವರು ಮೇಷ್ಟ್ರು, ವಿದ್ಯಾರ್ಥಿಯಲ್ಲ. ಹಾಗೆಯೇ ‘ಐ ಟೇಕ್ ಕ್ಲಾಸಸ್’ ಎಂದರೆ ಇಲ್ಲಿ ಪಾಠ ಮಾಡುವವರ ಮಾತು, ಅಮೆರಿಕದಲ್ಲಿ ಪಾಠ ಕೇಳುವವರ ಮಾತು. ಪಾಠ ಮಾಡಿದ ಅನುಭವವಿದ್ದರೆ ‘ಟೀಚ್’ ಎಂದೇ ಬರೆಯಿರಿ.

‘ಟೇಕ್ ಇನ್’, ‘ಟೇಕ್ ಆಫ್’ ಇವಕ್ಕೆ ನಿಘಂಟಿನಲ್ಲಿ ಐದಾರು ಅರ್ಥ ಕೊಟ್ಟಿದ್ದಾರೆ. ಬಾಯಿಪಾಠ ಮಾಡದೆ ಬೇರೆ ದಾರಿ ಇದೆಯೇ?
– ಶಿಕ್ಷಕರು, ಸಿರ್ಸಿ

ಇದೆ. ಹಿಂದೆ ಬರುವ ಪುಟ್ಟ ಪದವನ್ನು ಹಿಡಿಯಿರಿ, ಏಕೆಂದರೆ ಅರ್ಥದ ಹೆಚ್ಚಿನ ಭಾರ ಅದರ ಮೇಲೇ ಇರುತ್ತದೆ.

‘ಇನ್’ ಎಂದರೆ ಹೊರಗಿನದು ಒಳಗೆ ಬರುವುದು. ರವಿಕೆ ಸಡಿಲವಾಯಿತೆಂದು ಟೈಲರ್ ಹತ್ತಿರ ಒಯ್ಯುತ್ತೀರಿ. ಅವರು ಎರಡೂ ಪಕ್ಕದಲ್ಲಿ ಹಳೆಯ ಹೊಲಿಗೆಯಿಂದ ಅರ್ಧ ಇಂಚು ಒಳಗೆ ಸೀಮೆಸುಣ್ಣದ ಗೆರೆ ಎಳೆದು ಹೊಸ ಹೊಲಿಗೆ ಹಾಕುತ್ತಾರೆ. ಪ್ರತಿ ಪಕ್ಕದಲ್ಲೂ ಬಟ್ಟೆ ಎರಡು ಪದರ ಇರುವುದರಿಂದ ಸುತ್ತಳತೆ ಒಟ್ಟು 2 ಇಂಚು ಇಳಿಯುತ್ತದೆ. ನಾವು ಅದನ್ನು ‘ಒಳಗೆ ಹಿಡಿಯುವುದು’ ಎನ್ನುತ್ತೇವೆ, ಇಂಗ್ಲಿಷಿನವರು ‘ಟೇಕ್ ಇನ್’ ಎನ್ನುತ್ತಾರೆ. ಹೊಲಿಗೆ ಬಿಟ್ಟು ದೊಡ್ಡದು ಮಾಡುವುದು ‘ಲೆಟ್ ಔಟ್’. ಈ ಚಿತ್ರ ಕಣ್ಣ ಮುಂದಿದ್ದರೆ ಉಳಿದವು ತಾವಾಗಿ ಬರುತ್ತವೆ. ಅನಾಥ ಮಗುವಿಗೆ ಮನೆಯಲ್ಲಿ ಜಾಗ ಕೊಡುವುದೂ ‘ಟೇಕ್ ಇನ್’, ಹೇಳಿದ್ದು ತಲೆಯೊಳಗೆ ಇಳಿಯುವುದೂ ‘ಟೇಕ್ ಇನ್’. ಮೋಸಹೋಗುವುದಕ್ಕೂ ಇದೇ. ಯಾರೋ ನಿಮ್ಮನ್ನು ಮಾತಿನ ಬಲೆಯೊಳಗೆ ಎಳೆದುಕೊಂಡರು, ಹಾಗಾಗಿ ‘ಐ ವಾಸ್ ಟೇಕನ್ ಇನ್’ ಎಂದು ಕರ್ಮಣಿ ರೂಪ.

‘ಆಫ್’ ಎಂದರೆ ಅಂಟಿಕೊಂಡಿದ್ದು ಬಿಡುವುದು: ಮೈಯಿಂದ ಅಂಗಿ, ನೆಲದಿಂದ ವಿಮಾನ, ಕೆಲಸದಿಂದ ಎರಡು ದಿನ, ಬೆಲೆಯಿಂದ ಶೇ 10. ‘ವ್ಯಾಪಾರ ಟೇಕಾಫ್ ಆಯ್ತು’ ಎಂದು ಕನ್ನಡದಲ್ಲೂ ಹೇಳುವುದು ಆ ವಿಮಾನವನ್ನು ನೋಡಿಯೇ.

ಮಕ್ಕಳು ಎಡವುವುದು ಅರ್ಥಕ್ಕಿಂತ ಪದಗಳ ಸ್ಥಾನದಲ್ಲಿ. ‘ಟೇಕ್ ಆಫ್ ಯುವರ್ ಶೂಸ್’, ‘ಟೇಕ್ ಯುವರ್ ಶೂಸ್ ಆಫ್’ ಎರಡೂ ಸರಿ. ‘ಶೂಸ್’ ಜಾಗಕ್ಕೆ ಸರ್ವನಾಮ ಬಂತೆಂದರೆ ನಡುವೆ ಮಾತ್ರ: ‘ಟೇಕ್ ದೆಮ್ ಆಫ್’. ‘ಟೇಕ್ ಆಫ್ ದೆಮ್’ ಸಲ್ಲದು. ‘ಟೇಕ್ ಆಫ್ಟರ್’ ಹೀಗೆ ಒಡೆಯುವುದಿಲ್ಲ. ‘ಶಿ ಟೇಕ್ಸ್ ಆಫ್ಟರ್ ಹರ್ ಮದರ್’ ಎಂದರೆ ಮಗಳು ತಾಯಿಯನ್ನು ಹೋಲುತ್ತಾಳೆ. ಇದು ಮನೆತನದ ಹಿರಿಯರ ಹೋಲಿಕೆಗೆ ಮೀಸಲು, ಗೆಳತಿಯ ಹೋಲಿಕೆಗೆ ಬಾರದು. ‘ಲುಕ್ ಆಫ್ಟರ್’ ಎಂದರೆ ನೋಡಿಕೊಳ್ಳುವುದು. ಇವೆರಡನ್ನು ತರಗತಿಯಲ್ಲಿ ಒಂದೇ ದಿನ ಕಲಿಸಬೇಡಿ, ಮಕ್ಕಳ ತಲೆಯಲ್ಲಿ ಅದಲುಬದಲಾಗಿ ಕೂರುತ್ತವೆ.

‘ನನಗೆ ಎರಡು ಗಂಟೆ ಹಿಡಿಯಿತು’ ಎನ್ನಲು ‘ಇಟ್ ಟುಕ್ ಟು ಮಿ’ ಎಂದೆ. ನಕ್ಕರು.
– ಓದುಗರು, ಪುಣೆ

ನಗುವಂಥದ್ದೇನಲ್ಲ, ‘ನನಗೆ’ಯಲ್ಲಿರುವ ‘ಗೆ’ ಪ್ರತ್ಯಯ ‘ಟು’ ಆಗಿ ನುಸುಳಿದೆ ಅಷ್ಟೆ. ಅನುಕ್ರಮ ಹೀಗಿರಲಿ: ಇಟ್ ಟುಕ್, ಆಮೇಲೆ ವ್ಯಕ್ತಿ, ಆಮೇಲೆ ಸಮಯ, ಕೊನೆಗೆ ‘ಟು’ ಜೊತೆ ಕೆಲಸ. ‘ಇಟ್ ಟುಕ್ ಮಿ ಟೂ ಅವರ್ಸ್ ಟು ರೀಚ್ ಹೋಮ್.’ ‘ಟು’ ಬರುವುದು ಕೆಲಸದ ಮುಂದೆ ಮಾತ್ರ.

ಒಂದೇ ಪದ ಮರುಕಳಿಸಬಾರದೆಂದು ಸಮಾನಾರ್ಥಕ ಕೋಶ ನೋಡಿ, ‘ಮಾತ್ರೆ ತಗೊಂಡೆ’ ಎನ್ನಲು ‘ಐ ಸೀಜ್ಡ್ ದಿ ಟ್ಯಾಬ್ಲೆಟ್’ ಎಂದು ಬರೆದೆ. ತಪ್ಪಾಯಿತೆ?
– ಅನುವಾದ ಕಲಿಯುತ್ತಿರುವವರು, ಮಂಗಳೂರು

ಆಯಿತು. ಕೋಶ ಕೊಡುವುದು ನೆಂಟರ ಪಟ್ಟಿ, ಅವರು ಒಬ್ಬರ ಬದಲು ಒಬ್ಬರು ನಿಲ್ಲುವವರಲ್ಲ. ಕನ್ನಡ ಪತ್ರಿಕೆಗಳ ಪರಿಚಯ ಇಲ್ಲಿ ನೆರವಿಗೆ ಬರುತ್ತದೆ. ಪೊಲೀಸರು ವಾಹನ ‘ಸೀಜ್’ ಮಾಡುತ್ತಾರೆ: ಅದು ಜಪ್ತಿ, ಅಧಿಕಾರದ ಬಲ ಬೇಕು. ‘ಚೈನ್ ಸ್ನ್ಯಾಚಿಂಗ್’ ಎಂದರೆ ಸರ ಕಿತ್ತುಕೊಂಡು ಓಡುವುದು, ಆ ಪದದಲ್ಲೇ ಒಂದು ಜಗ್ಗು ಇದೆ. ‘ಲ್ಯಾಂಡ್ ಗ್ರ್ಯಾಬಿಂಗ್’ ಎಂದರೆ ಭೂಕಬಳಿಕೆ, ಅಲ್ಲಿ ಆಸೆಬುರುಕತನವಿದೆ. ಆದರೆ ‘ಗ್ರ್ಯಾಬ್’ ಹಗುರವಾಗಿಯೂ ಬರುತ್ತದೆ: ‘ಗ್ರ್ಯಾಬ್ ಎ ಕಾಫಿ’ ಎಂದರೆ ಬೇಗನೆ ಒಂದು ಕಾಫಿ ಕುಡಿಯುವುದು. ‘ರಿಸೀವ್’ ಮತ್ತು ‘ಅಕ್ಸೆಪ್ಟ್’ ಹೆಚ್ಚು ಗೊಂದಲ ಮಾಡುವ ಜೋಡಿ. ಮದುವೆಯ ಕಾಗದ ಕೈಗೆ ಬಂದರೆ ‘ರಿಸೀವ್ಡ್’, ಬರುತ್ತೇವೆಂದು ಒಪ್ಪಿಕೊಂಡರೆ ‘ಅಕ್ಸೆಪ್ಟೆಡ್’. ಲಂಚದ ಕವರು ಬಂತು, ತಿರುಗಿ ಕಳಿಸಿದರು ಎಂದರೆ ರಿಸೀವ್ ಆಯಿತು, ಅಕ್ಸೆಪ್ಟ್ ಆಗಲಿಲ್ಲ. ಅನುವಾದಕರು ಇಲ್ಲಿ ಎಡವಿದರೆ ಒಬ್ಬರ ಮಾನವೇ ಹೋದೀತು.

ಬದಲಿ ಪದ ಇಡುವ ಮೊದಲು ಮೂರು ಸಂಗತಿ ಕೇಳಿಕೊಳ್ಳಿ. ಕೊಡುವವರು ಒಪ್ಪಿ ಕೊಟ್ಟರೋ ಇಲ್ಲವೋ? ಪಡೆದವರು ಬಲ ಹಾಕಿದರೋ ಇಲ್ಲವೋ? ಕೊನೆಗೆ ವಸ್ತು ಯಾರ ಹತ್ತಿರ ಉಳಿಯಿತು? ಮಾತ್ರೆಗಾದರೆ ‘ಟೇಕ್’, ನುಂಗಿದ್ದನ್ನೇ ಹೇಳಬೇಕಿದ್ದರೆ ‘ಸ್ವಾಲೋ’. ‘ಈಟ್’ ಎಂದು ಬರೆಯುವುದು ನಮ್ಮ ‘ಮಾತ್ರೆ ತಿನ್ನು’ವಿನ ನೆರಳು. ಅದು ಬಿಟ್ಟರೆ, ‘ಟೇಕ್’ ಎರಡು ಸಲ ಬಂದರೆ ಬರಲಿ ಬಿಡಿ.

‘ಟೇಕ್’ ಸಂಸ್ಕೃತದಿಂದ ಹೋದದ್ದೇ?
– ಓದುಗರು, ತುಮಕೂರು

ಅಲ್ಲ. ಅದು ಸ್ಕ್ಯಾಂಡಿನೇವಿಯಾದಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದವರ ಹಳೆಯ ನಾರ್ಸ್ ನುಡಿಯ ‘ಟಾಕ’. ಅದಕ್ಕೂ ಮುಂಚೆ ಹಳೆಯ ಇಂಗ್ಲಿಷಿನಲ್ಲಿ ‘ತೆಗೆದುಕೊ’ ಎನ್ನಲು ‘ನಿಮನ್’ ಎಂಬ ಪದವಿತ್ತು. ಜರ್ಮನ್ನಿನ ‘ನೇಮೆನ್’ ಅದರ ಒಡಹುಟ್ಟು. ‘ಟಾಕ’ ಬಂದ ಮೇಲೆ ‘ನಿಮನ್’ ನಿಧಾನವಾಗಿ ಮರೆಗೆ ಸರಿಯಿತು. ಅದರ ಕುಡಿಗಳು ಮಾತ್ರ ಇನ್ನೂ ಬಳಕೆಯಲ್ಲಿವೆ. ಒಂದು ‘ನಿಂಬಲ್’, ಚುರುಕಾದ ಎಂಬ ಅರ್ಥದ್ದು. ಇನ್ನೊಂದು ಮರಗಟ್ಟಿದ ಸ್ಥಿತಿಗೆ ಹೇಳುವ ‘ನಮ್’. ಅದರ ಮೂಲಾರ್ಥ ‘ಹಿಡಿಯಲ್ಪಟ್ಟ’ ಎಂದು. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತು ಎದ್ದಾಗ ನಾವು ಹೇಳುವುದೂ ‘ಕಾಲು ಜೋಮು ಹಿಡಿದಿದೆ’ ಎಂದೇ.