ಅಣ್ಣನ ಸಿನಿಮಾ, ಮೂರು ಸಾವಿರ ಡಾಲರಿನ ಕಾರ್ಡು

ಪ್ರಶ್ನೆ: ನಾನು ಮೈಸೂರಿನವಳು, ಲಾಸ್ ಏಂಜಲೀಸಿಗೆ ಬಂದು ಆರು ವರ್ಷ. ಎಕ್ಸ್‌ಟ್ರಾ ಆಗಿ ಗುಂಪಿನಲ್ಲಿ ನಿಂತೂ ನಿಂತೂ ಕಳೆದ ತಿಂಗಳು ನಟರ ಯೂನಿಯನ್ ಸ್ಯಾಗ್-ಆಫ್ಟ್ರಾ ಸೇರಿದೆ. ಅದರ ಸದಸ್ಯತ್ವದ ಕಾರ್ಡಿಗೆ 3,000 ಡಾಲರ್ ಕಟ್ಟಿದೆ, ನಮ್ಮ ಮನೆಯವರಿಗೆ ಅದೊಂದು ದಂಡ ಅನ್ನಿಸಿದೆ. ಈಗ ನಾನು ಅಣ್ಣ ಅಂತ ಕರೆಯುವ ಒಬ್ಬರು, ಬಂದ ಹೊಸದರಲ್ಲಿ ನಮಗೆ ಮನೆ ಹುಡುಕಿ ಕೊಟ್ಟವರು, 15 ಸಾವಿರ ಡಾಲರಿನಲ್ಲಿ ಸಿನಿಮಾ ಮಾಡುತ್ತಿದ್ದಾರೆ. ನಾಯಕಿ ನಾನೇ ಅಂತೆ. ಆದರೆ ಯೂನಿಯನ್ ಜೊತೆ ಒಪ್ಪಂದ ಇಲ್ಲ. "ಬೇರೆ ಹೆಸರು ಹಾಕೋಣ ಬಿಡು, ಯಾರಿಗೆ ಗೊತ್ತಾಗತ್ತೆ" ಅಂತಾರೆ. ಬೇಡ ಅನ್ನೋಕೆ ಬಾಯಿ ಬರುತ್ತಿಲ್ಲ.

ಉತ್ತರ: ಬೇರೆ ಹೆಸರಿನ ಮಾತು ಮೊದಲು ಬಿಡಿ. ನಾಯಕಿಯ ಮುಖ ಎಲ್ಲಿ ಮುಚ್ಚಿಡುತ್ತೀರಿ?

ಒಪ್ಪಂದಕ್ಕೆ ಸಹಿ ಹಾಕದ ನಿರ್ಮಾಪಕರ ಕೆಲಸ ಮಾಡಬಾರದು ಅನ್ನೋದು ನಿಮ್ಮ ಯೂನಿಯನ್ನಿನ ಮೊದಲ ನಿಯಮ. ನಿಮಗೀಗ ಅದು ಚಪ್ಪಲಿಯೊಳಗಿನ ಕಲ್ಲಿನ ಥರ ಚುಚ್ಚುತ್ತಿದೆ, ಗೊತ್ತು. ಆದರೆ ನಿಮ್ಮ ಮನೆಯವರು ದಂಡ ಅಂದರಲ್ಲ, ಆ ದುಡ್ಡಿಗೆ ಸಿಕ್ಕಿದ್ದೇ ಈ ನಿಯಮ.

1933ರ ಮಾರ್ಚಿನಲ್ಲಿ ಹಾಲಿವುಡ್ ಸ್ಟುಡಿಯೋಗಳು ಒಪ್ಪಂದದಲ್ಲಿದ್ದ ನಟರ ಸಂಬಳವನ್ನು ಅರ್ಧಕ್ಕೆ ಇಳಿಸಿದವು. ಆಗ ಕೆಲಸಕ್ಕೆ ಹೊತ್ತುಗೊತ್ತು ಇರಲಿಲ್ಲ, ಊಟದ ಬಿಡುವು ಕೊಡಲೇಬೇಕು ಅಂತಲೂ ಇರಲಿಲ್ಲ. ಅದೇ ವರ್ಷ ಕೆಲವೇ ನಟರು ಸೇರಿ ನಿಮ್ಮ ಯೂನಿಯನ್ನಿನ ಮೊದಲ ರೂಪವಾದ ಸ್ಕ್ರೀನ್ ಆಕ್ಟರ್ಸ್ ಗಿಲ್ಡ್ ಕಟ್ಟಿದರು. ರಾಲ್ಫ್ ಮಾರ್ಗನ್ ಮೊದಲ ಅಧ್ಯಕ್ಷ. ಹಾರರ್ ಸಿನಿಮಾಗಳಿಗೆ ಹೆಸರಾದ ಬೋರಿಸ್ ಕಾರ್ಲಾಫ್ ಕೂಡ ಮೊದಲಿಗರಲ್ಲೊಬ್ಬರು. ಸ್ಟುಡಿಯೋಗಳು ಇವರನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ದೊಡ್ಡ ದೊಡ್ಡ ತಾರೆಯರೂ ಮುಷ್ಕರಕ್ಕೆ ಸಿದ್ಧ ಅಂತ ನಿಂತ ಮೇಲೆ, 1937ರಲ್ಲಿ, ಸ್ಟುಡಿಯೋಗಳು ಒಪ್ಪಂದಕ್ಕೆ ಬಂದವು. ಅದರಲ್ಲಿ ನಟರಿಗೆ ದಿನಕ್ಕೆ ಕನಿಷ್ಠ 25 ಡಾಲರ್, ನಿಮ್ಮಂಥ ಎಕ್ಸ್‌ಟ್ರಾಗಳಿಗೆ ಐದೂವರೆ. ತಾರೆಯರಿಗೆ ಆ ಐದೂವರೆ ಡಾಲರ್ ಬೇಕಿರಲಿಲ್ಲ, ಆದರೂ ನಿಂತರು. ನನಗೆ ಈ ಕಥೆಯಲ್ಲಿ ಇಷ್ಟವಾಗೋದೇ ಅದು.

ಆಮೇಲೆ 1960ರ ಮುಷ್ಕರ. ಸಿನಿಮಾ ಟೀವಿಯಲ್ಲಿ ಮತ್ತೆ ಮತ್ತೆ ಬಂದರೆ ನಟರಿಗೂ ಪಾಲು ಬೇಕು ಅನ್ನೋ ಜಗಳ. ಪಾಲೂ ಸಿಕ್ಕಿತು, ಪಿಂಚಣಿ ಮತ್ತು ಆರೋಗ್ಯ ವಿಮೆಯ ನಿಧಿಯೂ ಬಂತು, ಆದರೆ ಹಳೆಯ ಸಿನಿಮಾಗಳ ಪಾಲು ಬಿಟ್ಟುಕೊಟ್ಟರು ಅಂತ ಹಿರಿಯ ನಟರಿಗೆ ಸಿಟ್ಟು ಹಾಗೇ ಉಳಿಯಿತು. ಆಗ ಗಿಲ್ಡಿನ ಅಧ್ಯಕ್ಷರಾಗಿದ್ದವರು ಯಾರು ಗೊತ್ತಾ? ರೊನಾಲ್ಡ್ ರೇಗನ್. ಅದೇ ರೇಗನ್ 1981ರಲ್ಲಿ ದೇಶದ ಅಧ್ಯಕ್ಷರಾಗಿ, ಮುಷ್ಕರ ಹೂಡಿದ ವಿಮಾನ ಸಂಚಾರ ನಿಯಂತ್ರಕರನ್ನು ಸಾವಿರಗಟ್ಟಲೆ ಕೆಲಸದಿಂದ ಕಿತ್ತುಹಾಕಿದರು. ಹೀಗೂ ಉಂಟು.

2023ರ 118 ದಿನಗಳ ಮುಷ್ಕರ ನೀವೇ ಹತ್ತಿರದಿಂದ ನೋಡಿದ್ದೀರಿ. ಎಕ್ಸ್‌ಟ್ರಾಗಳನ್ನು ಒಂದು ದಿನ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಅವರ ನಕಲು ಮಾಡಿ ಬಳಸುತ್ತಾರೆ ಅನ್ನೋ ಭಯ ಇತ್ತಲ್ವಾ? ಈಗ ಅದಕ್ಕೆ ನಿಮ್ಮ ಒಪ್ಪಿಗೆ ಬೇಕು. ಆ ಒಪ್ಪಂದ ಬರಲೆಂದು ಕೆಲಸ ಬಿಟ್ಟು ಕೂತವರಲ್ಲಿ ಬಾಡಿಗೆ ಕಟ್ಟೋಕೂ ಒದ್ದಾಡಿದವರಿದ್ದರು. ಅವರ ಪಕ್ಕ ನಾಳೆ ಸೆಟ್ಟಿನಲ್ಲಿ ನಿಂತಾಗ, ಕದ್ದು ಮಾಡಿದ ಸಿನಿಮಾದ ಮಾತು ಬಂದರೆ ನಿಮಗೇ ಮುಜುಗರ.

ಹಾಗಂತ ಅಣ್ಣನಿಗೆ ಬೇಡ ಅನ್ನಬೇಕಿಲ್ಲ. ಯೂನಿಯನ್ ಅಂದರೆ ದೊಡ್ಡ ಸ್ಟುಡಿಯೋಗಳಿಗೆ ಮಾತ್ರ ಅಂತ ಅವರು ಅಂದುಕೊಂಡಿರಬೇಕು. 20 ಸಾವಿರ ಡಾಲರಿನೊಳಗಿನ ಸಿನಿಮಾಗಳಿಗೇ ಅಂತ ಮೈಕ್ರೋ-ಬಜೆಟ್ ಒಪ್ಪಂದ ಅಂತೊಂದಿದೆ. ಅದರಲ್ಲಿ ನಟರ ಸಂಬಳ ಇಬ್ಬರೂ ಮಾತಾಡಿ ಗೊತ್ತು ಮಾಡಿಕೊಳ್ಳಬಹುದು. ಅರ್ಜಿ ಹಾಕಬೇಕಾದ್ದು ನಿರ್ಮಾಪಕರು, ಅದೂ ಶೂಟಿಂಗಿಗೆ ಮುಂಚೆ. ಅದಕ್ಕೇ ತಡ ಮಾಡಬೇಡಿ.

ಫೋನಿನಲ್ಲಿ ಬೇಡ, ಅವರ ಮನೆಗೇ ಹೋಗಿ ಹೇಳಿ. "ಅಣ್ಣಾ, ನನ್ನ ಹೆಸರಲ್ಲೇ ಮಾಡ್ತೀನಿ, ಈ ಅರ್ಜಿ ಒಂದು ಹಾಕಿ" ಅಂತ. ಕೂತು ತುಂಬೋಕೆ ನೀವೂ ಸಹಾಯ ಮಾಡಿ. ಅಷ್ಟಕ್ಕೂ ಒಲ್ಲೆ ಅಂದರೆ, ನಿಮಗೆ ಮನೆ ಹುಡುಕಿ ಕೊಟ್ಟ ಋಣವನ್ನು ಬೇರೆ ರೀತಿ ತೀರಿಸಿ. ಶೂಟಿಂಗ್ ದಿನ ಮೂವತ್ತು ಜನಕ್ಕೆ ಬಿಸಿಬೇಳೆಬಾತ್ ಮಾಡಿಕೊಂಡು ಹೋಗಿ, ಕ್ಯಾಮೆರಾ ಮುಂದೆ ಮಾತ್ರ ನಿಲ್ಲಬೇಡಿ.