ನೀರು ಕುಡಿದರೂ ಕಾಲು ಸೆಳೆತ: ಕೊರತೆ ಉಪ್ಪಿನದ್ದಿರಬಹುದು

ರಾಯಚೂರಿನ ಬಿಸಿಲಲ್ಲಿ ದಿನವಿಡೀ ಹೊಲದಲ್ಲಿ ದುಡಿದು, ಐದಾರು ಲೀಟರ್ ನೀರು ಕುಡಿದರೂ ನಿಮ್ಮ ತಂದೆಗೆ ಸಂಜೆ ಮೀನಖಂಡ ಹಿಡಿದುಕೊಂಡು ತಲೆ ಸುತ್ತುತ್ತದೆ ಅಂತ ಬರೆದಿದ್ದೀರಿ. ಹಾಗಿದ್ದರೆ ಬಹುಶಃ ಕಡಿಮೆ ಆಗಿರುವುದು ನೀರಲ್ಲ, ಉಪ್ಪು. ಮೈ 37 ಡಿಗ್ರಿ ಆಸುಪಾಸಿನಲ್ಲೇ ಇರಲಿ ಅಂತ ದೇಹ ಬೆವರು ಹರಿಸುತ್ತದೆ. ಬೆವರಿನ ಜೊತೆ ಉಪ್ಪಿನಲ್ಲಿರುವ ಸೋಡಿಯಂ ಹೋಗುತ್ತದೆ. ಮೇಲಿಂದ ಬರೀ ನೀರು ಕುಡಿದರೆ ರಕ್ತದಲ್ಲಿ ಉಳಿದಿದ್ದೂ ತೆಳುವಾಗುತ್ತದೆ.

ಮೊದಲು ನೆರಳಲ್ಲಿ ಕೂರಿಸಿ, ಕಾಲನ್ನು ಮೆಲ್ಲಗೆ ಚಾಚಿಸಿ, ಪಾದವನ್ನು ಅವರ ಕಡೆಗೆ ಬಗ್ಗಿಸಿ ಹಿಡಿಯಿರಿ. ಆಮೇಲೆ ಓಆರ್‌ಎಸ್ (ಉಪ್ಪು, ಸಕ್ಕರೆ ಬೆರೆತ ಪುಡಿ), ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಕಲಸಿ ಗುಟುಕು ಗುಟುಕಾಗಿ ಕೊಡಿ. ಪ್ಯಾಕೆಟ್ ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಸಕ್ಕರೆ 6 ಚಮಚ, ಉಪ್ಪು ಅರ್ಧ ಚಮಚ. ಟೀ ಚಮಚದಲ್ಲೇ ಮಟ್ಟಸವಾಗಿ ಅಳೆಯಿರಿ, ಉಪ್ಪು ಜಾಸ್ತಿ ಆದರೆ ಒಳ್ಳೆಯದು ಅಂದುಕೊಳ್ಳಬೇಡಿ. ನಾಳೆಯಿಂದ ಹೊಲಕ್ಕೆ ಉಪ್ಪು ಹಾಕಿದ ಮಜ್ಜಿಗೆ ಕಳಿಸಿ, ನಮ್ಮಪ್ಪನಿಗೆ ಸೆಳೆತ ನಿಂತಿದ್ದು ಹೀಗೇ.

ಬಿಪಿ ಮಾತ್ರೆ ತಗೊಳ್ತಾರಾ ಅಂತ ನೀವು ಬರೆದಿಲ್ಲ. ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ಇದ್ದರೆ ಕಾರಣ ಅದೂ ಇರಬಹುದು, ಆಗ ಉಪ್ಪು ಹೆಚ್ಚಿಸುವ ಮುಂಚೆ ಡಾಕ್ಟರನ್ನು ಕೇಳಿ. ಮೈ ಸುಡುತ್ತಾ ಮಾತು ತೊದಲಿದರೆ, ವಾಂತಿ ನಿಲ್ಲದಿದ್ದರೆ ಕಾಯಬೇಡಿ. ಮೈಗೆ ತಣ್ಣೀರು ಹಾಕುತ್ತಾ 108ಕ್ಕೆ ಫೋನ್ ಮಾಡಿ.